ಶರಾವತಿ ಅಳಿವೆಯಲ್ಲಿ ಬೆಳಗಿನ ಜಾವ ಕಯಾಕ್ ಮೇಲೆ ಗಾಳ: ಎಲ್ಲಿ ಇಳಿಯುವುದು, ಯಾವ ತಿಥಿಯಲ್ಲಿ ಇಳಿಯುವುದು?

ಹಿನ್ನೀರ ಹುಟ್ಟು, ಸಾಗರ
ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಮೂವರು ಸ್ನೇಹಿತರು. ಲಿಂಗನಮಕ್ಕಿ ಹಿನ್ನೀರಿನಲ್ಲಿ ಕಯಾಕ್ ನಡೆಸಿ, ಅದರ ಮೇಲೆ ಕುಳಿತೇ ಗಾಳ ಹಾಕಿ ಚೆನ್ನಾಗಿ ರೂಢಿಯಾಗಿದೆ. ಕೊರವ, ಕಾಟ್ಲಾ ಎಲ್ಲ ಆಯಿತು. ಈಗ ಜನವರಿಯಲ್ಲಿ ಘಟ್ಟ ಇಳಿದು ಹೊನ್ನಾವರದ ಅಳಿವೆಯಲ್ಲಿ ಕುರುಡಿ, ಅಂದರೆ ಸೀಬಾಸ್ ಹಿಡಿಯಬೇಕು ಎಂಬ ಆಸೆ.

ನಮ್ಮ ಯೋಜನೆ ಹೀಗಿದೆ. ರಾತ್ರಿ ಎರಡೂವರೆಗೆ ಸಾಗರ ಬಿಡುವುದು, ಜೋಗ, ಮಾವಿನಗುಂಡಿ, ಗೇರುಸೊಪ್ಪ ದಾಟಿ ಐದಕ್ಕೆ ಹೊನ್ನಾವರ, ಐದೂವರೆಗೆ ನೀರಿಗೆ. ಹೊಳೆಯ ಹರಿವಿನ ಜೊತೆಗೇ ಅಳಿವೆ ಬಾಯಿಯವರೆಗೆ ಹೋಗಿ, ಅಲ್ಲಿ ಗಾಳ ಹಾಕಿ, ಬಿಸಿಲು ಏರುವ ಮೊದಲು ವಾಪಸು.

ಕೇಳಬೇಕಾದದ್ದು ಇಷ್ಟು: ಕಯಾಕ್ ಇಳಿಸಲು ಒಳ್ಳೆಯ ಜಾಗ ಯಾವುದು? ಗೇರುಸೊಪ್ಪದಲ್ಲಿ ನೀರು ಬಿಟ್ಟರೆ ಅಳಿವೆಯಲ್ಲಿ ಅದು ಗೊತ್ತಾಗುತ್ತದೆಯೇ? ಶರಾವತಿಗಿಂತ ಅಘನಾಶಿನಿಯೇ ಮೇಲು ಎಂದು ಕೆಲವರು ಹೇಳುತ್ತಾರೆ, ನಿಜವೇ? ಅನುಭವ ಇರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಗಾಳದ ಗೆಳೆಯ, ಶಿವಮೊಗ್ಗ
ಅದ್ಭುತ ಯೋಜನೆ. ನನ್ನನ್ನೂ ಸೇರಿಸಿಕೊಳ್ಳಿ.

ಕಾಂಡ್ಲಾ ತೀರ, ಹೊನ್ನಾವರದವನು, ಈಗ ಶಿವಮೊಗ್ಗದಲ್ಲಿ
ಹುಟ್ಟು ಅವರೇ, ನಿಮ್ಮ ಯೋಜನೆಯಲ್ಲಿ ಎರಡು ವಿಷಯಗಳನ್ನು ಈಗಲೇ ಬದಲಿಸಿ.

ಮೊದಲನೆಯದು ಐದೂವರೆ ಗಂಟೆ. ಜನವರಿಯಲ್ಲಿ ಅಲ್ಲಿ ಸೂರ್ಯ ಮೂಡುವುದು ಏಳರ ಸುಮಾರಿಗೆ. ಆರೂವರೆಯವರೆಗೆ ನೀರಿನ ಮೇಲೆ ಏನೂ ಸರಿಯಾಗಿ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಮೀನುಗಾರರ ಯಂತ್ರದ ದೋಣಿಗಳು ಓಡಾಡುತ್ತಿರುತ್ತವೆ. ನಿಮ್ಮ ಕಯಾಕ್ ನೀರಿನಿಂದ ಒಂದು ಅಡಿಯೂ ಮೇಲೆ ಇರುವುದಿಲ್ಲ. ಅವರಿಗೆ ನೀವು ಕಾಣುವುದೇ ಇಲ್ಲ. ಕತ್ತಲೆಯಲ್ಲಿ ಕಟ್ಟಿದ ಬಲೆಯ ಗೂಟಗಳು, ಹಗ್ಗಗಳು ನಿಮಗೂ ಕಾಣುವುದಿಲ್ಲ.

ಎರಡನೆಯದು ಅಳಿವೆ ಬಾಯಿ. ಅಲ್ಲಿಗೆ ಕಯಾಕ್ ಒಯ್ಯಲೇಬೇಡಿ. ಇಳಿತದ ನೀರು ಹೊರಗೆ ನುಗ್ಗುವಾಗ ಸಮುದ್ರದ ಅಲೆ ಒಳಗೆ ಬರುತ್ತದೆ. ಎರಡೂ ಮರಳುದಿಬ್ಬದ ಮೇಲೆ ಮುಖಾಮುಖಿಯಾದಾಗ ಅಲೆ ಗೋಡೆಯ ಹಾಗೆ ಎದ್ದು ಮುರಿಯುತ್ತದೆ. ದೊಡ್ಡ ದೋಣಿಯವರೇ ಅಲ್ಲಿ ಹೊತ್ತು ನೋಡಿ ದಾಟುತ್ತಾರೆ. ನಮ್ಮ ಮನೆಯ ಹಿರಿಯರು ಅಳಿವೆ ಬಾಯಿಗೆ ಕೈಮುಗಿಯದೆ ದೋಣಿ ನಡೆಸಿದವರಲ್ಲ.

ಕುರುಡಿ ಬೇಕಾದರೆ ಬಾಯಿಗೆ ಹೋಗುವ ಅಗತ್ಯವೂ ಇಲ್ಲ. ಅದು ಇರುವುದು ಒಳಗೆ, ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳ ಬೇರುಗಳ ಅಂಚಿನಲ್ಲಿ, ಕುರ್ವೆಗಳ, ಅಂದರೆ ಹೊಳೆಯ ನಡುಗಡ್ಡೆಗಳ ಹಿಂದಿನ ಸಣ್ಣ ಕವಲುಗಳಲ್ಲಿ. ಹೆದ್ದಾರಿ ಸೇತುವೆಯನ್ನೇ ನಿಮ್ಮ ಗಡಿ ಎಂದುಕೊಳ್ಳಿ, ಅದರಿಂದ ಪಶ್ಚಿಮಕ್ಕೆ ಬೇಡ.

ಗಾಳದ ಗೆಳೆಯ, ಶಿವಮೊಗ್ಗ
ಆದರೆ ನಸುಕಿನಲ್ಲೇ ಮೀನು ಕಚ್ಚುವುದು ಅಲ್ಲವೇ? ಆರೂವರೆಗೆ ಇಳಿದರೆ ಅರ್ಧ ಆಟ ಮುಗಿದಿರುತ್ತದೆ.

ಕಾಂಡ್ಲಾ ತೀರ
ಅದು ಕೆರೆಯ ಲೆಕ್ಕ, ಹಿನ್ನೀರಿನ ಲೆಕ್ಕ. ಅಳಿವೆಯಲ್ಲಿ ಗಡಿಯಾರವೆಂದರೆ ಉಬ್ಬರ ಇಳಿತ. ಸೂರ್ಯನ ಪಾತ್ರ ಎರಡನೆಯದು.

ನೀರು ಇಳಿಯುತ್ತಿರುವಾಗ ಕಾಂಡ್ಲಾ ಒಳಗಿನಿಂದ ಸಣ್ಣ ಸಣ್ಣ ತೋಡುಗಳ ಮೂಲಕ ನೀರು ಹೊಳೆಗೆ ಬಸಿಯುತ್ತದೆ. ಸೀಗಡಿ, ಮರಿಮೀನು ಎಲ್ಲ ಆ ನೀರಿನ ಜೊತೆ ಹೊರಗೆ ಬರಲೇಬೇಕು. ತೋಡಿನ ಬಾಯಲ್ಲಿ ಕುರುಡಿ ಕಾದು ನಿಂತಿರುತ್ತದೆ. ಇಳಿತದ ಕೊನೆಯ ಎರಡು ಗಂಟೆ, ಉಬ್ಬರದ ಮೊದಲ ಗಂಟೆ, ಅದೇ ಹೊತ್ತು. ಉಬ್ಬರ ಪೂರ್ತಿ ತುಂಬಿದ ಮೇಲೆ ಅದು ಬೇರುಗಳ ಒಳಗೆ ಹೊಕ್ಕಿಬಿಡುತ್ತದೆ, ನೀವು ಗಾಳ ಬೀಸಿ ಬೀಸಿ ಕೊಕ್ಕೆಯನ್ನು ಬೇರಿಗೆ ಸಿಕ್ಕಿಸಿಕೊಳ್ಳುವುದಷ್ಟೇ ಆಗುತ್ತದೆ. ಬೆಳಗಿನ ಜಾವವೂ ಇಳಿತದ ಕೊನೆಯೂ ಒಟ್ಟಿಗೆ ಬಂದ ದಿನ ಸಿಕ್ಕಿದರೆ ಅದಕ್ಕಿಂತ ಬೇರೆ ಭಾಗ್ಯವಿಲ್ಲ.

ಅಡಿಕೆ ಹೆಗಡೆ, ತಾಳಗುಪ್ಪ ಹತ್ತಿರ
ನಾನು ಮೀನು ತಿನ್ನುವವನಲ್ಲ, ಹಿಡಿಯುವವನೂ ಅಲ್ಲ, ಆದರೆ ಕಯಾಕ್ ಹುಚ್ಚು ನಿಮಗಿಂತ ಹೆಚ್ಚೇ ಇದೆ. ಜನವರಿಯಲ್ಲಿ ಹೋಗುವವರು ಪುಣ್ಯವಂತರು. ನಮ್ಮಲ್ಲಿ ಕೊನೆಕೊಯ್ಲು ಮುಗಿದು ಅಡಿಕೆ ಬೇಯಿಸಿ ಒಣಗಿಸುವವರೆಗೆ ಮನೆ ಬಿಡಲು ಸಾಧ್ಯವಿಲ್ಲ. ಹೋಗಿ ಬಂದು ಫೋಟೋ ಹಾಕಿ.

ಒಂದು ಮಾತು: ಹಿನ್ನೀರಿನ ರೂಢಿ ಎಂದರೆ ನಿಂತ ನೀರಿನ ರೂಢಿ. ಹುಟ್ಟು ಹಾಕುವುದು ನಿಲ್ಲಿಸಿದರೆ ಕಯಾಕ್ ಅಲ್ಲೇ ನಿಲ್ಲುತ್ತದೆ. ಅಳಿವೆಯಲ್ಲಿ ಹುಟ್ಟು ನಿಲ್ಲಿಸಿ ಗಾಳಕ್ಕೆ ಎರೆ ಸಿಕ್ಕಿಸುವಷ್ಟರಲ್ಲಿ ನೀವು ನಿಂತ ಜಾಗ ಬದಲಾಗಿರುತ್ತದೆ. ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ.

ಹಿನ್ನೀರ ಹುಟ್ಟು
ಕಾಂಡ್ಲಾ ತೀರ ಅವರೇ, ಬಹಳ ಉಪಕಾರವಾಯಿತು. ಅಳಿವೆ ಬಾಯಿ ಯೋಜನೆಯಿಂದ ತೆಗೆದಾಯಿತು. ಹಾಗಾದರೆ ಯಾವ ತಿಥಿ ಒಳ್ಳೆಯದು? ಅಷ್ಟಮಿಯ ಸುತ್ತ ಸೆಳೆತ ಕಡಿಮೆ ಎಂದು ಓದಿದ್ದೆ. ಹೊಸಬರಾದ ನಮಗೆ ಅದೇ ಸರಿ ಅಲ್ಲವೇ?

ನಗರದ ನಾಗಿ, ಹೊಸನಗರ ತಾಲ್ಲೂಕು
ಹೌದು, ಅಷ್ಟಮಿಯೇ ಸರಿ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ, ಚಂದ್ರ ಒಂದೇ ಸಾಲಿನಲ್ಲಿ ಎಳೆಯುವುದರಿಂದ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು, ನಡುವಿನ ಸೆಳೆತವೂ ಜೋರು. ಅಷ್ಟಮಿಯಲ್ಲಿ ಎರಡರ ಎಳೆತ ಅಡ್ಡಡ್ಡ ಬೀಳುತ್ತದೆ, ನೀರು ಸೌಮ್ಯ. ನಾನು ಮತ್ತು ನನ್ನ ತಮ್ಮ ಗಂಗೊಳ್ಳಿ ಅಳಿವೆಗೆ ಅಷ್ಟಮಿ ನೋಡಿಯೇ ಹೋಗುವುದು.

ಕಾಂಡ್ಲಾ ತೀರ
ನಾಗಕ್ಕ, ಸೆಳೆತದ ಮಟ್ಟಿಗೆ ನೀವು ಹೇಳಿದ್ದು ಸರಿ. ಆದರೆ ಬೆಳಗಿನ ಪ್ರವಾಸಕ್ಕೆ ದಿಕ್ಕನ್ನೂ ನೋಡಬೇಕು. ನಮ್ಮ ಕಡೆ ಅಷ್ಟಮಿಯ ಆಸುಪಾಸಿನಲ್ಲಿ ನಸುಕಿಗೆ ನೀರು ತುಂಬಿರುತ್ತದೆ, ಬೆಳಗಿನ ಹೊತ್ತೆಲ್ಲ ಇಳಿತ. ಅಂದರೆ ನೀವು ನೀರಿನಲ್ಲಿರುವಷ್ಟು ಹೊತ್ತೂ ಹೊಳೆ ನಿಮ್ಮನ್ನು ಸಮುದ್ರದ ಕಡೆಗೆ ಒಯ್ಯುತ್ತಿರುತ್ತದೆ. ತೋಳು ಸೋತ ಮೇಲೆ ಅದರ ವಿರುದ್ಧ ಹುಟ್ಟು ಹಾಕಿ ವಾಪಸು ಬರಬೇಕು.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇದಕ್ಕೆ ತಿರುಗಾಮುರುಗಾ. ಬೆಳಗಿನ ಜಾವ ನೀರು ಇಳಿದಿರುತ್ತದೆ, ಮಧ್ಯಾಹ್ನಕ್ಕೆ ಮುಂಚೆ ತುಂಬುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಬಿದಿಗೆ, ತದಿಗೆಯ ಹೊತ್ತಿಗೆ ಇಳಿತದ ಕೊನೆ ಸರಿಯಾಗಿ ಬೆಳಕು ಹರಿಯುವ ಸಮಯಕ್ಕೆ ಬಂದು ಕೂರುತ್ತದೆ. ಮೊದಲ ಗಂಟೆ ತೋಡಿನ ಬಾಯಲ್ಲಿ ಗಾಳ, ಆಮೇಲೆ ಉಬ್ಬರ ನಿಮ್ಮನ್ನು ಒಳಗೆ, ಮನೆಯ ಕಡೆಗೆ ತಳ್ಳುತ್ತದೆ. ಸೆಳೆತ ಜೋರಿದ್ದರೂ ಅದು ನಿಮ್ಮ ಪರವಾಗಿರುತ್ತದೆ. ಆ ದಿನದ ಉಬ್ಬರ ಪಟ್ಟಿಯನ್ನು ನೋಡಿಯೇ ತೀರ್ಮಾನಿಸಿ. ಭಾರತೀಯ ಸರ್ವೇಕ್ಷಣಾ ಇಲಾಖೆ ಪಟ್ಟಿ ಪ್ರಕಟಿಸುತ್ತದೆ, ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಅಲೆಗಳ ಮುನ್ಸೂಚನೆ ಕೊಡುತ್ತದೆ. ಪಟ್ಟಿಯಲ್ಲಿರುವುದು ಬಂದರಿನ ಸಮಯ. ಹೊಳೆಯಲ್ಲಿ ಮೇಲೆ ಹೋದಷ್ಟೂ ತಡವಾಗುತ್ತದೆ.

ನಗರದ ನಾಗಿ
ದಿಕ್ಕಿನ ಮಾತು ಒಪ್ಪುತ್ತೇನೆ. ಆದರೂ ಮೊದಲ ಸಲ ಹೋಗುವವರಿಗೆ ದೊಡ್ಡ ಉಬ್ಬರದ ದಿನ ಹೇಳಬಾರದು ಎಂಬುದು ನನ್ನ ಅಭಿಪ್ರಾಯ. ಉಬ್ಬರದ ಸೆಳೆತವೂ ಸೇತುವೆಯ ಕಂಬಕ್ಕೆ ಕಯಾಕನ್ನು ಅಡ್ಡ ಒತ್ತಿ ಮಗುಚಬಲ್ಲದು. ಪಂಚಮಿ, ಷಷ್ಠಿಯ ಹೊತ್ತಿಗೆ ಹೋಗಲಿ, ಸೆಳೆತ ಸ್ವಲ್ಪ ತಗ್ಗಿರುತ್ತದೆ.

ಕಾಂಡ್ಲಾ ತೀರ
ಪಂಚಮಿಗೆ ಇಳಿತದ ಕೊನೆ ಎಂಟೂವರೆ, ಒಂಬತ್ತಕ್ಕೆ ಹೋಗುತ್ತದೆ. ಅಷ್ಟು ಹೊತ್ತೂ ಅವರು ಹೊರಮುಖದ ನೀರಿನಲ್ಲಿ ಇರಬೇಕು. ನಾನು ನನ್ನ ಮಾತಿಗೇ ನಿಲ್ಲುತ್ತೇನೆ, ಬಿದಿಗೆ ಅಥವಾ ತದಿಗೆ. ಕಂಬಗಳ ವಿಷಯದಲ್ಲಿ ನಿಮ್ಮ ಎಚ್ಚರಿಕೆ ನೂರಕ್ಕೆ ನೂರು ನಿಜ. ಕಂಬದ ಹತ್ತಿರ ನಿಲ್ಲುವುದೂ ಬೇಡ, ಹಗ್ಗ ಕಟ್ಟುವುದೂ ಬೇಡ.

ಲಾಂಚ್ ಹಾದಿ, ತುಮರಿ
ಹೊನ್ನಾವರದ ರೈಲು ಸೇತುವೆ ಎರಡು ಕಿಲೋಮೀಟರಿಗಿಂತ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಆ ಕಂಬಗಳನ್ನು ನೋಡಿದರೇ ಹೊಳೆ ಎಷ್ಟು ಅಗಲವಿದೆ ಎಂದು ಅಂದಾಜಾಗುತ್ತದೆ. ಇದೇ ಹೊಳೆ ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವುದು ಎಂದರೆ ಹೊರಗಿನವರು ನಂಬುವುದಿಲ್ಲ.

ಅಂದ ಹಾಗೆ, ನಮ್ಮೂರಿಗೆ 2025ರ ಜುಲೈಯಲ್ಲಿ ಸೇತುವೆ ಬಂತು. ಲಾಂಚ್‌ಗೆ ಕಾಯುತ್ತಾ ಅಂಬಾರಗೋಡ್ಲಿನ ದಡದಲ್ಲಿ ಗಾಳ ಹಾಕಿ ಬೆಳೆದವರು ನಾವು. ಈಗ ಮಕ್ಕಳಿಗೆ ನೀರಿನ ಹತ್ತಿರ ನಿಲ್ಲುವ ಕಾರಣವೇ ಇಲ್ಲ. ಸೇತುವೆ ಬೇಕಾಗಿತ್ತು, ಆಸ್ಪತ್ರೆಗೆ ಹೋಗುವವರ ಕಷ್ಟ ನೋಡಿದವನು ನಾನು. ಆದರೆ ಹೊಳೆಯ ಒಡನಾಟ ಉಳಿಸಿಕೊಳ್ಳಲು ಇಂಥ ಕಯಾಕ್ ಗುಂಪುಗಳು ಇರಬೇಕು.

ಗಾಳದ ಗೆಳೆಯ, ಶಿವಮೊಗ್ಗ
ನೀರು ಬಿಡುವ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಕಾರ್ಗಲ್ ಟರ್ಬೈನ್, ನಿವೃತ್ತ
ಅದಕ್ಕೆ ನಾನು ಬರೆಯುತ್ತೇನೆ. ವಿದ್ಯುತ್ ಕೆಲಸದಲ್ಲಿ ಜೀವನ ಕಳೆದವನು, ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ.

ಲಿಂಗನಮಕ್ಕಿಯಿಂದ ನೀರು ತಲಕಳಲೆಗೆ, ಅಲ್ಲಿಂದ ಕೊಳವೆಗಳಲ್ಲಿ ಇಳಿದು ಶರಾವತಿ ವಿದ್ಯುದಾಗಾರಕ್ಕೆ. ಅಲ್ಲಿ ಹತ್ತು ಯಂತ್ರಗಳು, ಒಟ್ಟು 1,035 ಮೆಗಾವಾಟ್. ಅಲ್ಲಿಂದ ಹೊರಬಿದ್ದ ನೀರು ಗೇರುಸೊಪ್ಪ ಜಲಾಶಯಕ್ಕೆ ಸೇರುತ್ತದೆ. ಗೇರುಸೊಪ್ಪದಲ್ಲಿ 60 ಮೆಗಾವಾಟಿನ ನಾಲ್ಕು ಯಂತ್ರಗಳು. ಅವುಗಳನ್ನು ತಿರುಗಿಸಿದ ನೀರು ನೇರ ಹೊನ್ನಾವರದ ದಾರಿ ಹಿಡಿಯುತ್ತದೆ. ಲಿಂಗನಮಕ್ಕಿಗೆ ಹೋಲಿಸಿದರೆ ಗೇರುಸೊಪ್ಪ ಚಿಕ್ಕದು; ಮೇಲಿನಿಂದ ಬಂದ ನೀರನ್ನು ಬಹಳ ಕಾಲ ಹಿಡಿದಿಡಲಾಗದು.

ಜಲವಿದ್ಯುತ್ತಿನ ಗುಣವೇ ಬೇಕೆಂದಾಗ ನಿಮಿಷಗಳಲ್ಲಿ ಆರಂಭಿಸಿ ಬೇಡವೆಂದಾಗ ನಿಲ್ಲಿಸುವುದು. ಈಗ ಹಗಲಿಗೆ ಸೌರವಿದ್ಯುತ್ ಇದೆ, ಆದ್ದರಿಂದ ಬೆಳಗಿನ ಮತ್ತು ಸಂಜೆಯ ಬೇಡಿಕೆಗೆ ಜಲವಿದ್ಯುತ್ತನ್ನು ಹೆಚ್ಚು ನೆಚ್ಚಿಕೊಳ್ಳುತ್ತಾರೆ. ಯಾವ ದಿನ ಎಷ್ಟು ಯಂತ್ರ ತಿರುಗುತ್ತದೆ ಎಂಬುದು ರಾಜ್ಯದ ಒಟ್ಟು ಬೇಡಿಕೆಯ ಮೇಲೆ ನಿಂತಿದೆ, ನಿಮ್ಮ ಪಂಚಾಂಗದ ಮೇಲಲ್ಲ. ಗೇರುಸೊಪ್ಪಕ್ಕೆ ಹತ್ತಿರವಾದಷ್ಟೂ ಏರಿಳಿತ ಸ್ಪಷ್ಟ. ಅಳಿವೆಗೆ ಬರುವಷ್ಟರಲ್ಲಿ ಹೊಳೆ ಅಗಲವಾಗಿ ಮಟ್ಟದ ವ್ಯತ್ಯಾಸ ಕಡಿಮೆಯಾಗುತ್ತದೆ, ಆದರೆ ಹರಿವು ಕಡಿಮೆಯಾಗುವುದಿಲ್ಲ. ಇಳಿತದ ಜೊತೆ ಅದೂ ಸೇರಿಕೊಳ್ಳುತ್ತದೆ.

ಈಗ ಇದಕ್ಕೆ ಗಾಳಿಯನ್ನು ಸೇರಿಸಿ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಸಮುದ್ರ ಬೆಚ್ಚಗೇ ಇರುತ್ತದೆ, ಹಾಗಾಗಿ ಬೆಳಗಿನ ಜಾವ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದೆ. ಮೆಲುವಾದ ಗಾಳಿ, ನೀರಿನ ಮೇಲೆ ಅಲೆಯೇ ಏಳುವುದಿಲ್ಲ, ಆದ್ದರಿಂದ ಅದು ನಿಮ್ಮನ್ನು ತಳ್ಳುತ್ತಿದೆ ಎಂಬುದೇ ಗೊತ್ತಾಗುವುದಿಲ್ಲ. ಇಳಿತ ಪಶ್ಚಿಮಕ್ಕೆ, ಅಣೆಕಟ್ಟೆಯ ನೀರು ಪಶ್ಚಿಮಕ್ಕೆ, ಗಾಳಿ ಪಶ್ಚಿಮಕ್ಕೆ. ಒಂದೊಂದೂ ಸಣ್ಣದೇ. ಮೂರೂ ಕೂಡಿದ ಬೆಳಿಗ್ಗೆ ನೀವು ಗಂಟೆಗೆ ನಾಲ್ಕೈದು ಕಿಲೋಮೀಟರ್ ಹುಟ್ಟು ಹಾಕಿದರೂ ದಡದ ತೆಂಗಿನಮರ ಹಿಂದಕ್ಕೆ ಸರಿಯದೆ ಅಲ್ಲೇ ನಿಂತಿರುತ್ತದೆ. ಬೆಳಗಿನ ಶಾಂತ ನೀರನ್ನು ನೋಡಿ ಮೋಸ ಹೋಗಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಅಡಿಕೆ ಹೆಗಡೆ
ಟರ್ಬೈನ್ ಅವರೇ, ನಮಸ್ಕಾರ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಹಿನ್ನೀರ ಹುಟ್ಟು
ಹಾಗಾದರೆ ನೀರಿಗೆ ಇಳಿದ ಮೇಲೆ ಮೊದಲು ಪೂರ್ವಕ್ಕೇ, ಅಂದರೆ ಹೊಳೆಯ ಮೇಲ್ಮುಖಕ್ಕೇ ಹೋಗಬೇಕು. ತೋಳಿನಲ್ಲಿ ಶಕ್ತಿ ಇರುವಾಗ ವಿರುದ್ಧ, ಸೋತಾಗ ಜೊತೆ. ಸರಿಯೇ?

ಕಾರ್ಗಲ್ ಟರ್ಬೈನ್
ಅಷ್ಟೇ. ಹೊರಡುವಾಗ ಸುಲಭವಾಗಿ ಹೋಗುತ್ತಿದೆ ಎನಿಸಿದರೆ ಅಲ್ಲೇ ನಿಂತು ಯೋಚಿಸಿ.

ತೀರ್ಥಹಳ್ಳಿ ಮಾಸ್ತರು
ನೀವೆಲ್ಲ ಘಟ್ಟ ಇಳಿದು ಯಾಕೆ ಹೋಗುತ್ತೀರಿ ಎಂದು ನನಗೆ ಅರ್ಥವಾಗುವುದಿಲ್ಲ. ಮಲೆನಾಡಿನಲ್ಲಿ ಮೀನಿಗೆ ಬರಗಾಲವೇ? ಆರ್ದ್ರಾ ಮಳೆಗೆ ಹೊಳೆ ಕೆಂಪಾಗಿ ಏರಿದಾಗ ಗದ್ದೆಯ ತೋಡಿಗೆ ಹತ್ತುಮೀನು ಬರುತ್ತಿತ್ತು. ಕೂಣಿ ಇಟ್ಟು ಬೆಳಿಗ್ಗೆ ಎತ್ತಿದರೆ ಊರಿಗೆಲ್ಲ ಹಂಚುವಷ್ಟು. ಮನೆಯಲ್ಲಿ ವಾಟೆಹುಳಿ ಹಾಕಿ ಸಾರು, ಜೊತೆಗೆ ಬಿಸಿ ಕಡುಬು. ಆ ರುಚಿ ನಿಮ್ಮ ಕುರುಡಿಗೆ ಎಲ್ಲಿಂದ ಬರಬೇಕು?

ನಗರದ ನಾಗಿ
ಮಾಸ್ತರೇ, ರುಚಿಯ ಮಾತು ಬಿಡಿ. ಹತ್ತುಮೀನು ಎಂದರೆ ಮೊಟ್ಟೆ ಇಡಲು ಮೇಲೆ ಹತ್ತುವ ಮೀನು. ಅದನ್ನೇ ಹಿಡಿದು ಹಿಡಿದು ಇವತ್ತು ತೋಡು ಬರಿದಾಗಿದೆ. ಗದ್ದೆಗೆ ಹಾಕುವ ಔಷಧಿಯ ಪಾಲೂ ಇದೆ. ಈಗಲೂ ಮೊದಲ ಮಳೆಗೆ ದೀಪ, ಕತ್ತಿ ಹಿಡಿದು ಹೋಗುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ತೀರ್ಥಹಳ್ಳಿ ಮಾಸ್ತರು
ಹಿಂದೆ ಊಟಕ್ಕಷ್ಟೇ ಹಿಡಿಯುತ್ತಿದ್ದರು ತಾಯಿ, ಮಾರಲು ಅಲ್ಲ. ಹೊಳೆಗೆ ಸಿಡಿಮದ್ದು ಹಾಕಿದವರನ್ನು ಕೇಳಿ. ನಮ್ಮ ತುಂಗೆಯಲ್ಲಿ ಚಿಪ್ಪಲಗುಡ್ಡೆಯ ಮತ್ಸ್ಯಧಾಮ ಇದೆ, ಶೃಂಗೇರಿಯ ಮಡುವಿನಲ್ಲಿ ಮೀನಿಗೆ ಅಕ್ಕಿ ಹಾಕುತ್ತೇವೆಯೇ ಹೊರತು ಗಾಳ ಹಾಕುವುದಿಲ್ಲ. ಮೀನನ್ನು ಕಾಯುವುದು ಮಲೆನಾಡಿಗೆ ಹೊಸದಲ್ಲ.

ನಗರದ ನಾಗಿ
ಅದನ್ನು ಒಪ್ಪಿದೆ. ಹಾಗೆಯೇ ಕುರುಡಿಯನ್ನೂ ಕಾಯಬೇಕು ಎಂದು ಈ ಹುಡುಗರಿಗೆ ಹೇಳಿ. ಕುರುಡಿ ಹುಟ್ಟುವಾಗ ಗಂಡು, ಕೆಲವು ವರ್ಷ ಬೆಳೆದ ಮೇಲೆ ಹೆಣ್ಣಾಗುತ್ತದೆ. ಅಂದರೆ ನಿಮಗೆ ಸಿಗುವ ಅತಿ ದೊಡ್ಡ ಮೀನು ಬಹುತೇಕ ಮೊಟ್ಟೆ ಇಡುವ ಹೆಣ್ಣು. ಅದನ್ನು ಹಿಡಿದು ಫೋಟೋ ತೆಗೆದು ಐಸ್ ಪೆಟ್ಟಿಗೆಗೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಡುವಿನ ಗಾತ್ರದ್ದು ಒಂದು ಮನೆಗೆ ತನ್ನಿ, ದೊಡ್ಡದನ್ನು ನೀರಿಗೆ ಬಿಡಿ, ಚಿಕ್ಕದನ್ನೂ ಬಿಡಿ.

ಗಾಳದ ಗೆಳೆಯ, ಶಿವಮೊಗ್ಗ
ದೊಡ್ಡ ಮೀನು ಸಿಕ್ಕಾಗ ಬಿಡುವುದು ಹೇಳಿದಷ್ಟು ಸುಲಭವಲ್ಲ ಅಕ್ಕ. ಆದರೂ ನೀವು ಹೇಳಿದ ಕಾರಣ ಗಟ್ಟಿಯಾಗಿದೆ, ನಾನು ಬಿಡುತ್ತೇನೆ.

ದಾರದ ಬಗ್ಗೆ ನನ್ನ ಸಲಹೆ: 20ರಿಂದ 30 ಪೌಂಡಿನ ಹೆಣೆದ ದಾರ, ತುದಿಗೆ 40 ಪೌಂಡಿನ ಲೀಡರ್, ಅಂದರೆ ಕೊಕ್ಕೆಗೆ ಕಟ್ಟುವ ಗಟ್ಟಿ ದಾರದ ತುಂಡು. ಕುರುಡಿಯ ಕಿವಿರಿನ ಮುಚ್ಚಳ ಕತ್ತಿಯಷ್ಟು ಹರಿತ, ತೆಳು ದಾರ ಉಳಿಯುವುದಿಲ್ಲ. ಕೈಯನ್ನೂ ಕಿವಿರಿನ ಹತ್ತಿರ ಒಯ್ಯಬೇಡಿ, ತುಟಿ ಹಿಡಿಯುವ ಇಕ್ಕಳ ಇರಲಿ. ಮಬ್ಬು ಬೆಳಕಿನಲ್ಲಿ ನೀರಿನ ಮೇಲೆ ಸದ್ದು ಮಾಡುವ ಪಾಪರ್, ಬಿಸಿಲು ಬಂದ ಮೇಲೆ ತಳಕ್ಕೆ ಇಳಿಯುವ ಮೆತ್ತನೆಯ ರಬ್ಬರ್ ಮೀನು. ಎಲ್ಲಕ್ಕಿಂತ ಮೇಲು ಜೀವಂತ ಸೀಗಡಿ.

ಕಾಂಡ್ಲಾ ತೀರ
ಜೀವಂತ ಸೀಗಡಿ ಬೇಕಾದರೆ ಬೀಸುಬಲೆಯವರ ಹತ್ತಿರ ಕೊಂಡುಕೊಳ್ಳಿ. ನಾಲ್ಕು ಕಾಸು ಅವರಿಗೂ ಸಿಗಲಿ, ಎಲ್ಲಿ ಸೆಳೆತ, ಎಲ್ಲಿ ಬಂಡೆ ಎಂಬ ಮಾಹಿತಿಯೂ ನಿಮಗೆ ಸಿಗುತ್ತದೆ. ಆ ಮಾಹಿತಿ ಯಾವ ಮೊಬೈಲಿನಲ್ಲೂ ಇಲ್ಲ. ಅವರ ಬಲೆಯ ಹತ್ತಿರ ಗಾಳ ಬೀಸಬೇಡಿ. ನಿಮಗೆ ಅದು ರಜೆಯ ಖುಷಿ, ಅವರಿಗೆ ಆ ದಿನದ ಅನ್ನ. ಕಾಸರಕೋಡಿನ ಟೊಂಕದಲ್ಲಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ಎಷ್ಟು ವರ್ಷದಿಂದ ಹೋರಾಡುತ್ತಿದ್ದಾರೆ ಎಂಬುದನ್ನು ತಿಳಿದುಕೊಂಡು ಹೋಗಿ. ದಡಕ್ಕೆ ಬರುವ ಪ್ರತಿ ಹೊಸಬನನ್ನೂ ಅವರು ಅನುಮಾನದಿಂದ ನೋಡಿದರೆ ಅದು ಅವರ ತಪ್ಪಲ್ಲ. ಮೊದಲು ನಿಂತು ಮಾತಾಡಿಸಿ, ಎಲ್ಲಿಂದ ಬಂದಿರಿ ಎಂದು ಹೇಳಿ, ಆಮೇಲೆ ಕಯಾಕ್ ಇಳಿಸಿ.

ಇಳಿಸುವ ಜಾಗದ ಪ್ರಶ್ನೆಗೂ ಇದೇ ಉತ್ತರ. ಕಾಂಡ್ಲಾ ನಡುವೆ ಪ್ರವಾಸಿಗರನ್ನು ಕರೆದೊಯ್ಯುವ ದೋಣಿಯವರು ಇದ್ದಾರೆ, ಅವರ ಕಟ್ಟೆಯಿಂದ ಕೇಳಿ ಇಳಿಸಬಹುದು. ಎಲ್ಲಿ ಬೇಕೆಂದರಲ್ಲಿ ಕೆಸರಿಗೆ ಇಳಿಯಬೇಡಿ, ಮೊಣಕಾಲವರೆಗೆ ಹೂತುಹೋಗುತ್ತದೆ. ಚಿಪ್ಪು ಪಾದ ಸೀಳುತ್ತದೆ, ಬೂಟು ಬೇಕೇಬೇಕು.

ಸಿದ್ದಾಪುರದ ಹೊಳೆಮಗ
ಅಘನಾಶಿನಿಯ ಬಗ್ಗೆ ಕೇಳಿದ್ದೀರಿ, ಯಾರೂ ಬಾಯಿ ಬಿಡಲಿಲ್ಲ. ನಾನು ಹೇಳುತ್ತೇನೆ, ಅಘನಾಶಿನಿಗೇ ಹೋಗಿ.

ಶರಾವತಿಯ ನೀರು ವರ್ಷವಿಡೀ ವಿದ್ಯುದಾಗಾರದಿಂದ ಹರಿದು ಬರುವುದರಿಂದ ಅಳಿವೆಯ ಉಪ್ಪಿನಂಶ ಕುಗ್ಗಿದೆ. ಬೇಸಿಗೆಯಲ್ಲಿ ಉಪ್ಪು ಏರಬೇಕಾದ ಅಳಿವೆಗೆ ಬೇಸಿಗೆಯಲ್ಲೂ ಸಿಹಿನೀರು. ಉಪ್ಪು ನೆಚ್ಚಿದ ಚಿಪ್ಪುಜೀವಿಗಳು ಅಲ್ಲಿ ಕಡಿಮೆಯಾದವು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಎರಡೂ ಅಳಿವೆಗಳನ್ನು ಹೋಲಿಸಿ ಇದನ್ನೇ ಬರೆದಿದ್ದಾರೆ. ಅಘನಾಶಿನಿಗೆ ಒಂದೂ ಅಣೆಕಟ್ಟೆ ಇಲ್ಲ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾದ ಹತ್ತಿರ ಸಮುದ್ರ ಸೇರುವವರೆಗೆ ಯಾರೂ ತಡೆದಿಲ್ಲ. ಅದಕ್ಕೇ ಅಲ್ಲಿ ಬಳಚು ಎಂಬ ಚಿಪ್ಪುಜೀವಿ ರಾಶಿ ರಾಶಿ ಸಿಗುತ್ತದೆ, ಗಜನಿಯಲ್ಲಿ, ಅಂದರೆ ಅಳಿವೆ ಅಂಚಿನ ಉಪ್ಪುನೀರಿನ ಗದ್ದೆಗಳಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. 2024ರಲ್ಲಿ ಆ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಸಾಗರದವರಿಗೆ ಸಿದ್ದಾಪುರ, ಕುಮಟಾ ದಾರಿ ಅಷ್ಟೇನೂ ದೂರವಲ್ಲ.

ಕಾಂಡ್ಲಾ ತೀರ
ಅಘನಾಶಿನಿಯ ಹಿರಿಮೆ ಒಪ್ಪುತ್ತೇನೆ. ಆದರೆ ಶರಾವತಿ ಸತ್ತುಹೋಗಿದೆ ಎಂಬ ಧಾಟಿ ಬೇಡ. ಕುರುಡಿ ಸಿಹಿನೀರಿಗೂ ಉಪ್ಪುನೀರಿಗೂ ಒಗ್ಗುವ ಮೀನು, ಇವತ್ತಿಗೂ ನಮ್ಮಲ್ಲಿ ಇದೆ.

ನಗರದ ನಾಗಿ
ಅಣೆಕಟ್ಟೆಯ ಮಾತು ಬಂದರೆ ಗಂಗೊಳ್ಳಿಯೂ ತಪ್ಪಿಸಿಕೊಂಡಿಲ್ಲ. ವಾರಾಹಿಯ ನೀರು ಮಾಣಿ ಅಣೆಕಟ್ಟೆಯಲ್ಲಿ ನಿಂತು ಹೊಸಂಗಡಿಯ ವಿದ್ಯುದಾಗಾರದ ಮೂಲಕ ಇಳಿಯುತ್ತದೆ. ಚಕ್ರಾ, ಸಾವೇಹಕ್ಲು ಜಲಾಶಯಗಳ ನೀರನ್ನು ಲಿಂಗನಮಕ್ಕಿಗೇ ತಿರುಗಿಸಿದ್ದಾರೆ. ನಮ್ಮ ಹೊಸನಗರದ ಮಳೆ ಎಲ್ಲಿ ಸಮುದ್ರ ಸೇರಬೇಕು ಎಂಬುದನ್ನು ಈಗ ಕವಾಟಗಳು ತೀರ್ಮಾನಿಸುತ್ತವೆ.

ಸಿದ್ದಾಪುರದ ಹೊಳೆಮಗ
ಇದರ ಮೇಲೆ ತಲಕಳಲೆ, ಗೇರುಸೊಪ್ಪ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬೇರೆ. ಸಿಂಗಳೀಕಗಳ ಅಭಯಾರಣ್ಯದ ಕಾಡು ಎಷ್ಟು ಹೋಗಬೇಕು?

ಕಾರ್ಗಲ್ ಟರ್ಬೈನ್
ಅದು ನೀರನ್ನು ಖರ್ಚು ಮಾಡುವ ಯೋಜನೆಯಲ್ಲ, ಅದೇ ನೀರನ್ನು ಮೇಲೆ ಕೆಳಗೆ ಆಡಿಸುವುದು. ಸೌರವಿದ್ಯುತ್ ಹೆಚ್ಚಿದಂತೆ ಸಂಗ್ರಹ ಬೇಕಾಗುತ್ತದೆ. ಕಾಡಿನ ಪ್ರಶ್ನೆ ಬೇರೆ, ಅಲ್ಲಿ ನನಗೂ ಆತಂಕವಿದೆ.

ಸಿದ್ದಾಪುರದ ಹೊಳೆಮಗ
ಕಾಡಿನ ಪ್ರಶ್ನೆ ಬೇರೆಯಲ್ಲ, ಅದೇ ಪ್ರಶ್ನೆ. ಆ ಕಾಡು ಇರುವುದರಿಂದಲೇ ಈ ಹೊಳೆಗೆ ನೀರು.

ಲಾಂಚ್ ಹಾದಿ, ತುಮರಿ
ಈ ಜಗಳಕ್ಕೆ ಬೇರೆ ಎಳೆ ತೆರೆಯಿರಿ, ನಾನೂ ಬರುತ್ತೇನೆ. ಮುಳುಗಡೆ ಕಂಡ ಊರಿನವನಿಗೆ ಹೇಳುವುದು ಬಹಳ ಇದೆ. ಇಲ್ಲಿ ಈ ಹುಡುಗರು ಸುರಕ್ಷಿತವಾಗಿ ಹೋಗಿ ಬರುವ ಮಾತು ಮುಗಿಯಲಿ.

ಒಂದು ಮುಖ್ಯ ವಿಷಯ ಯಾರೂ ಹೇಳಿಲ್ಲ: ಲಂಗರು. ಹಿನ್ನೀರಿನಲ್ಲಿ ಕಯಾಕಿನ ಪಕ್ಕಕ್ಕೆ ಹಗ್ಗ ಕಟ್ಟಿ ಕಲ್ಲು ಇಳಿಸಿದರೂ ನಡೆಯುತ್ತದೆ. ಹರಿಯುವ ನೀರಿನಲ್ಲಿ ಪಕ್ಕದಿಂದ ಲಂಗರು ಹಾಕಿದರೆ ಸೆಳೆತ ಒಂದು ಬದಿಯನ್ನು ಕೆಳಗೆ ಒತ್ತಿ ಕ್ಷಣದಲ್ಲಿ ಮಗುಚುತ್ತದೆ. ಮೂತಿಯಿಂದಲೋ ಬಾಲದಿಂದಲೋ ಮಾತ್ರ ಹಗ್ಗ ಹೋಗಬೇಕು, ತಕ್ಷಣ ಬಿಚ್ಚುವ ಗಂಟು ಇರಬೇಕು, ಕೈಗೆಟಕುವಲ್ಲಿ ಚಾಕು ಇರಬೇಕು. ಇನ್ನೂ ಒಳ್ಳೆಯದು ಲಂಗರೇ ಇಲ್ಲದೆ ಕವಲಿನ ಒಳಗೆ ನಿಧಾನಕ್ಕೆ ತೇಲುತ್ತಾ ಗಾಳ ಹಾಕುವುದು.

ಹೋಗುವ ಮೊದಲು ಹಿನ್ನೀರಿನಲ್ಲಿ ಬೇಕೆಂದೇ ಕಯಾಕ್ ಮಗುಚಿ ನೀರಿನಿಂದ ಮೇಲೆ ಹತ್ತುವುದನ್ನು ಮೂವರೂ ಅಭ್ಯಾಸ ಮಾಡಿ. ಲೈಫ್ ಜಾಕೆಟ್ ತೊಟ್ಟು, ಬೂಟು ಹಾಕಿಕೊಂಡು. ಅದು ಬಾರದವರು ದಡದಲ್ಲಿ ಕುಳಿತು ಕಾಣೆ ಮೀನು ಹಿಡಿಯಲಿ.

ಗಾಳದ ಗೆಳೆಯ, ಶಿವಮೊಗ್ಗ
ಲೈಫ್ ಜಾಕೆಟ್ ಹಾಕಿಕೊಂಡು ಗಾಳ ಬೀಸುವುದು ಕಷ್ಟ. ಈಜು ಬರುವವರು ಹಿಂದೆ ಇಟ್ಟುಕೊಂಡರೆ ಸಾಲದೇ?

ಲಾಂಚ್ ಹಾದಿ, ತುಮರಿ
ಸಾಲದು. ನೀರಿಗೆ ಬಿದ್ದ ಮೇಲೆ ಜಾಕೆಟ್ ತೊಡಲು ಆಗುವುದಿಲ್ಲ. ತೋಳಿಲ್ಲದ, ಬೆನ್ನು ಮೇಲೆತ್ತಿದ ಕಯಾಕ್ ಜಾಕೆಟ್‌ಗಳು ಸಿಗುತ್ತವೆ, ಅದರಲ್ಲಿ ಬೀಸಲು ಏನೂ ತೊಂದರೆಯಿಲ್ಲ.

ಕಾರ್ಗಲ್ ಟರ್ಬೈನ್
ಗೆಳೆಯರೇ, ಇದರಲ್ಲಿ ಚರ್ಚೆಗೆ ಜಾಗವಿಲ್ಲ. ಜಾಕೆಟ್ ಇಲ್ಲದವರು ಕಾರಿನಲ್ಲೇ ಇರಲಿ. ಸೀಟಿ, ತಲೆಗೆ ಕಟ್ಟುವ ದೀಪ, ಎತ್ತರದ ಕೆಂಪು ಬಾವುಟ, ನೀರು ಹೋಗದ ಚೀಲದಲ್ಲಿ ಮೊಬೈಲ್. ಸಂಖ್ಯೆಗಳನ್ನು ಬರೆದುಕೊಳ್ಳಿ: 112, ಕರಾವಳಿ ಕಾವಲು ಪಡೆ 1554. ದಡದಲ್ಲಿ ಒಬ್ಬರಿಗೆ ವಾಪಸು ಬರುವ ಹೊತ್ತು ಹೇಳಿ ಹೋಗಿ.

ದಾದಿ ಸುಮ, ಶಿವಮೊಗ್ಗ
ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಾಗಿ ಒಂದು ಸೇರಿಸುತ್ತೇನೆ. ತೊರಕೆ ಮೀನು ಬಾಲದಿಂದ ಹೊಡೆದರೆ, ತೇಡೆ ಮೀನಿನ ಮುಳ್ಳು ಚುಚ್ಚಿದರೆ ನೋವು ವಿಪರೀತ. ಗಾಯವನ್ನು ತೊಳೆದು, ಸಹಿಸಬಹುದಾದಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಿ. ಆ ವಿಷ ಶಾಖಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. ಸುಡುವಷ್ಟು ಬಿಸಿ ಬೇಡ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು, ಮುಳ್ಳಿನ ಚೂರು ಒಳಗೆ ಉಳಿದಿರಬಹುದು, ಧನುರ್ವಾಯು ಚುಚ್ಚುಮದ್ದೂ ಬೇಕಾಗಬಹುದು. ಎದೆಗೆ, ಹೊಟ್ಟೆಗೆ ಚುಚ್ಚಿದ ಮುಳ್ಳನ್ನು ನೀವೇ ಕೀಳಬೇಡಿ.

ಗಾಳದ ಗೆಳೆಯ, ಶಿವಮೊಗ್ಗ
ಫ್ಲಾಸ್ಕಿನಲ್ಲಿ ಬಿಸಿ ನೀರು ಒಯ್ಯುವುದು ಎಂದಾಯಿತು. ಐಸ್ ಹಚ್ಚಬೇಕು ಎಂದೇ ನಾನು ಕೇಳಿದ್ದೆ.

ದಾದಿ ಸುಮ
ಇದಕ್ಕೆ ಐಸ್ ಅಲ್ಲ, ಬಿಸಿಯೇ. ಕೆಸರಿನಲ್ಲಿ ನಡೆಯುವಾಗ ಪಾದ ಎತ್ತಿ ಇಡದೆ ಎಳೆದುಕೊಂಡು ನಡೆಯಿರಿ, ತೊರಕೆ ಸದ್ದಿಗೆ ಸರಿದುಹೋಗುತ್ತದೆ.

ಅಡಿಕೆ ಹೆಗಡೆ
ರಾತ್ರಿ ಪ್ರಯಾಣವೂ ಯೋಚಿಸಿ. ಮಾವಿನಗುಂಡಿ ದಾಟಿದ ಮೇಲೆ ಜನವರಿಯಲ್ಲಿ ಮಂಜು, ಮಾಲೆಮನೆ ಘಟ್ಟದಲ್ಲಿ ತಿರುವುಗಳು, ರಸ್ತೆಗೆ ಕಾಡುಕೋಣ ಬರುವುದೂ ಉಂಟು. ಮೇಲೆ ಹನ್ನೊಂದು ಅಡಿಯ ಕಯಾಕ್. ಚಾವಣಿಗೆ ಎರಡು ಪಟ್ಟಿ ಬಿಗಿದರೆ ಸಾಲದು, ಮೂತಿ ಮತ್ತು ಬಾಲವನ್ನೂ ಕಾರಿನ ಮುಂದಕ್ಕೆ, ಹಿಂದಕ್ಕೆ ಕಟ್ಟಬೇಕು. ಹಿಂದಿನ ಸಂಜೆಯೇ ಇಳಿದು ಹೊನ್ನಾವರದಲ್ಲಿ ಮಲಗುವುದು ಮೇಲು. ನಿದ್ದೆಗೆಟ್ಟು ನೀರಿಗೆ ಇಳಿಯಬಾರದು ಮಾರಾಯರೇ.

ಹಿನ್ನೀರ ಹುಟ್ಟು
ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಮೂವರೂ ಕುಳಿತು ತೀರ್ಮಾನಿಸಿದ್ದೇವೆ: ಹಿಂದಿನ ಸಂಜೆ ಹೊನ್ನಾವರ, ಅಮಾವಾಸ್ಯೆ ಕಳೆದ ತದಿಗೆ, ಬೆಳಕು ಹರಿದ ಮೇಲೆ ನೀರಿಗೆ, ಮೊದಲು ಪೂರ್ವಕ್ಕೆ, ಸೇತುವೆಯಿಂದಾಚೆ ಇಲ್ಲ. ಈ ಭಾನುವಾರ ಹಿನ್ನೀರಿನಲ್ಲಿ ಮಗುಚಿ ಹತ್ತುವ ಅಭ್ಯಾಸ. ಎಷ್ಟು ಹೊತ್ತಿಗೆ ದಡಕ್ಕೆ ಬರಬೇಕು?

ಕಾಂಡ್ಲಾ ತೀರ
ಹತ್ತೂವರೆಯ ಒಳಗೆ. ಹನ್ನೊಂದರ ಮೇಲೆ ಸಮುದ್ರದ ಗಾಳಿ ಏಳುತ್ತದೆ, ಅಗಲವಾದ ಜಾಗದಲ್ಲಿ ಸಣ್ಣ ಅಲೆಗಳು ಒಂದರ ಮೇಲೊಂದು ಬಡಿಯುತ್ತವೆ. ಆ ವಾರಾಂತ್ಯ ನಾನು ಊರಿನಲ್ಲೇ ಇರುತ್ತೇನೆ. ಬೀಸುಬಲೆಯ ನನ್ನ ಚಿಕ್ಕಪ್ಪನನ್ನು ಪರಿಚಯಿಸುತ್ತೇನೆ, ಕವಲುಗಳನ್ನು ಅವರೇ ತೋರಿಸುತ್ತಾರೆ.

ನಗರದ ನಾಗಿ
ತದಿಗೆಗೆ ನನ್ನ ವಿರೋಧ ಈಗಲೂ ಇದೆ, ಆದರೆ ಚಿಕ್ಕಪ್ಪ ಜೊತೆಗಿದ್ದರೆ ಸರಿ. ದೊಡ್ಡದನ್ನು ಬಿಡಿ.

ತೀರ್ಥಹಳ್ಳಿ ಮಾಸ್ತರು
ನಡುವಿನದು ಒಂದು ಸಿಕ್ಕಿದರೆ ಕಿವಿರು, ಕರುಳು ಅಲ್ಲೇ ತೆಗೆದು ಐಸಿನಲ್ಲಿ ಹುದುಗಿಸಿ ತನ್ನಿ. ವಾಟೆಹುಳಿ ನಾನು ಕಳಿಸುತ್ತೇನೆ.